ಮಾಥೇರಾನಿನ ಕೆಂಪು ದಾರಿ

ಪುಣೆಯಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳಲ್ಲಿ ಮಾಥೇರಾನಕ್ಕೆ ಒಮ್ಮೆಯಾದರೂ ಹೋಗಿ ಬಾರದವರು ವಿರಳವೆಂದೇ ಹೇಳಬೇಕು. ಬೇಸಗೆಯ ರಜೆಯಲ್ಲಿ ಧಾರವಾಡದಿಂದಲೋ ವಿಜಾಪುರದಿಂದಲೋ ಬೀಗರು ಬಂದರೆ ಅವರನ್ನು ಎಲ್ಲಿಗಾದರೂ ತಂಪಾದ ಕಡೆಗೆ ಕರೆದೊಯ್ಯಬೇಕಷ್ಟೆ. ಮಹಾಬಳೇಶ್ವರವಾದ ಮೇಲೆ ನೆನಪಿಗೆ ಬರುವುದು ಇದೇ. ಹೋಗಿ ಬಂದವರು ಮೂರು ಸಂಗತಿಗಳನ್ನು ಮರೆಯುವುದಿಲ್ಲ: ಪುಟ್ಟ ರೈಲು, ತಿಂಡಿಯ ಪೊಟ್ಟಣ ಕಸಿಯುವ ಮಂಗಗಳು, ಮತ್ತು ಕೆಂಪು ಧೂಳು. ಬಿಳಿಯ ಧೋತರ ಉಟ್ಟು ಬೆಟ್ಟ ಹತ್ತಿದ ಹಿರಿಯರು ಸಂಜೆಗೆ ಕಾವಿಧಾರಿಗಳಾಗಿ ಇಳಿದು ಬರುತ್ತಾರೆಂದು ನಮ್ಮಲ್ಲೊಂದು ನಗೆಮಾತೇ ಇದೆ.

ಆ ಧೂಳಿನ ದಾರಿಗೆ ಹಾಸು ಹಾಕಬೇಕೇ ಬೇಡವೇ, ಹಾಕಿದರೆ ಯಾವ ಹಾಸು, ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆ ಕೆಲವು ವರ್ಷಗಳ ಕಾಲ ನಡೆದು ಕಡೆಗೆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತಿತು. ಎರಡೂವರೆ ಮೂರು ಕಿಲೋಮೀಟರಿನ ಒಂದು ಕಾಲುದಾರಿಗಾಗಿ ಇಷ್ಟು ದೊಡ್ಡ ವ್ಯಾಜ್ಯವೇ ಎಂದು ಮೇಲುನೋಟಕ್ಕೆ ಆಶ್ಚರ್ಯವಾದೀತು. ಆದರೆ ಆ ಕಲ್ಲುಗಳ ಕೆಳಗೆ ಎಷ್ಟು ಜನರ ಅನ್ನ ಅಡಗಿತ್ತೆಂಬುದನ್ನು ನೋಡಿದರೆ ಆಶ್ಚರ್ಯ ಉಳಿಯುವುದಿಲ್ಲ.

ಮೊದಲು ಆ ಬೆಟ್ಟದ ಮಣ್ಣಿನ ವಿಚಾರ. ಮಾಥೇರಾನ ಇರುವುದು ರಾಯಗಡ ಜಿಲ್ಲೆಯ ಕರ್ಜತ ತಾಲೂಕಿನಲ್ಲಿ. ಎತ್ತರ ಸಮುದ್ರಮಟ್ಟದಿಂದ ಸುಮಾರು 800 ಮೀಟರು. ಮರಾಠಿಯಲ್ಲಿ 'ಮಾಥಾ' ಎಂದರೆ ತಲೆ, 'ರಾನ' ಎಂದರೆ ಕಾಡು; ತಲೆಯ ಮೇಲೆ ಕಾಡು ಹೊತ್ತ ಗುಡ್ಡವೆಂದೇ ಹೆಸರಿನ ಅರ್ಥ. ಗುಡ್ಡದ ಮೈಯೆಲ್ಲ ಕರಿಯ ಕಗ್ಗಲ್ಲು. ನೆತ್ತಿಯ ಮೇಲೆ ಮಾತ್ರ ಕೆಂಪು ಕಲ್ಲಿನದೊಂದು ಟೊಪ್ಪಿಗೆ. ಈ ಕೆಂಪು ಕಲ್ಲು ನಮ್ಮವರಿಗೆ ಹೊಸತಲ್ಲ. ಕಾರವಾರ ಕುಮಟೆಯ ಕಡೆಯವರು ಚಿರೇಕಲ್ಲು ಎನ್ನುವುದು ಇದನ್ನೇ, ಮಂಗಳೂರಿನವರು ಮುರಕಲ್ಲು ಎನ್ನುವುದೂ ಇದನ್ನೇ, ಮಲೆನಾಡಿಗರ ಜಂಬಿಟ್ಟಿಗೆಯೂ ಇದೇ. ಮೈಸೂರು ಮಲಬಾರು ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿ ಬರೆದಿಟ್ಟ ಬುಕಾನನ್ ಸಾಹೇಬನು 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಬಂದದ್ದು ಅದು. ಜಂಬಿಟ್ಟಿಗೆ ಎಂದು ಕರೆದ ನಮ್ಮ ಜನರಿಗೂ ಆ ಸಾಹೇಬನಿಗೂ ಹೊಳೆದದ್ದು ಒಂದೇ ಹೋಲಿಕೆ ಎಂಬುದು ನಮಗೆ ಸೊಗಸಾಗಿ ಕಾಣುತ್ತದೆ.

ಈ ಕಲ್ಲನ್ನು ಅಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಮನೆ ಕಟ್ಟಲು ಒಳ್ಳೆಯದು. ದಾರಿಗೆ ಮಾತ್ರ ಅಷ್ಟು ಒಳ್ಳೆಯದಲ್ಲ. ಕುದುರೆಯ ಲಾಳದ ಕೆಳಗೆ ಅದು ನುಚ್ಚಾಗಿ, ನುಚ್ಚು ಹುಡಿಯಾಗಿ, ಹುಡಿಯು ಕುಂಕುಮದಷ್ಟು ನುಣ್ಣಗಾಗುತ್ತದೆ. ಬೇಸಗೆಯಲ್ಲಿ ಆ ಹುಡಿಯು ಒಣಗಿದ ಲದ್ದಿಯೊಡನೆ ಬೆರೆತು ಗಾಳಿಗೆ ಏಳುತ್ತದೆ. ದಮ್ಮಿನ ತೊಂದರೆ ಇದ್ದವರು ಮೂಗಿಗೆ ಸೆರಗು ಹಿಡಿಯದೆ ನಡೆಯಲಾರರು. ಜೂನ್ ತಿಂಗಳು ಬಂತೆಂದರೆ ಅದೇ ಹುಡಿ ಕೆಸರು. ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಈ ಗುಡ್ಡಕ್ಕೆ ನೇರವಾಗಿ ಬಡಿಯುತ್ತವೆ. ನಮ್ಮ ಆಗುಂಬೆಯ ಮಳೆಯನ್ನು ಕಂಡವರಿಗೆ ವಿವರಿಸಬೇಕಾದುದಿಲ್ಲ. ಇಳಿಜಾರಿನ ದಾರಿಯೇ ಹಳ್ಳವಾಗಿ ಮಣ್ಣು ತೊಳೆದು ಹೋಗುತ್ತದೆ. ವರ್ಷಕ್ಕೆ ಎರಡು ಬೆರಳಿನಷ್ಟು ಹೋದರೂ ಸಾಕು, ಹತ್ತಿಪ್ಪತ್ತು ವರ್ಷಗಳಲ್ಲಿ ದಾರಿಬದಿಯ ಮರಗಳ ಬೇರುಗಳು ಬರಿದಾಗಿ ಮರಕ್ಕೇ ಆಧಾರ ತಪ್ಪೀತು. ಕಾಡಿನ ಊರಿಗೆ ಇದು ಸಣ್ಣ ಮಾತಲ್ಲ.

ಇನ್ನು ಊರಿನ ಕಟ್ಟಳೆ. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬವನು ಈ ಗುಡ್ಡವನ್ನು ಹತ್ತಿ ಮೆಚ್ಚಿಕೊಂಡ ಮೇಲೆ ಇದು ಮುಂಬಯಿಯ ಸಾಹೇಬರ, ಅನಂತರ ಪಾರ್ಸೀ ಬೋಹ್ರಾ ಸಾಹುಕಾರರ ಬೇಸಗೆಯ ಬೀಡಾಯಿತು. 1907ರಲ್ಲಿ ನೇರಳದಿಂದ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಬಂತು. ಸರ್ ಆದಮಜೀ ಪೀರಭಾಯಿಯವರು ಹಣ ಹಾಕಿದರು, ಅವರ ಮಗ ಅಬ್ದುಲ್ ಹುಸೇನರು ಮುಂದೆ ನಿಂತು ಹಾಕಿಸಿದರು. ರೈಲು ಬಂದರೂ ಮೋಟಾರು ಮಾತ್ರ ಊರೊಳಗೆ ಬರಲಿಲ್ಲ. 2003ರ ಫೆಬ್ರವರಿಯಲ್ಲಿ ಭಾರತ ಸರಕಾರವು ಮಾಥೇರಾನವನ್ನೂ ಸುತ್ತಲ ಪ್ರದೇಶವನ್ನೂ ಪರಿಸರ ಸೂಕ್ಷ್ಮ ವಲಯವೆಂದು ಸಾರಿದ ಮೇಲಂತೂ ಆ ಕಟ್ಟಳೆಗೆ ಇನ್ನಷ್ಟು ಬಿಗಿ ಬಂತು. ಆಂಬ್ಯುಲೆನ್ಸು, ಬೆಂಕಿ ಆರಿಸುವ ಬಂಡಿ ಇಂಥವನ್ನು ಬಿಟ್ಟರೆ ಉಳಿದ ಮೋಟಾರುಗಳೆಲ್ಲ ದಸ್ತುರಿ ನಾಕಾದಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದೆ ಪೇಟೆಯವರೆಗೆ ಬಹುಕಾಲ ಇದ್ದದ್ದು ಕಾಲ್ನಡಿಗೆ, ಇಲ್ಲವೆ ಕುದುರೆ, ಇಲ್ಲವೆ ಮನುಷ್ಯ ಎಳೆಯುವ ರಿಕ್ಷಾ. ಅಮನ್ ಲಾಜ್ ನಿಲ್ದಾಣದಿಂದ ಪುಟ್ಟ ರೈಲು ಸಿಕ್ಕಿದರೆ ಅದೃಷ್ಟ.

ವಾಚಕರು ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು. ಪ್ರವಾಸಕ್ಕೆ ಹೋದ ನಮಗೆ ಮೋಟಾರಿಲ್ಲದ ಊರು ಸ್ವರ್ಗ. ಆದರೆ ಅಲ್ಲಿಯೇ ಹುಟ್ಟಿ ಬೆಳೆದು ಸಂಸಾರ ಮಾಡತಕ್ಕವರಿಗೆ? ಅಡಿಗೆಯ ಗ್ಯಾಸಿನ ಸಿಲಿಂಡರು, ಅಕ್ಕಿಯ ಚೀಲ, ಮನೆ ಕಟ್ಟುವ ಇಟ್ಟಿಗೆ, ಎಲ್ಲವೂ ಕುದುರೆಯ ಬೆನ್ನಿನ ಮೇಲೆ ಅಥವಾ ಕೈಗಾಡಿಯಲ್ಲಿ ಬರಬೇಕು. ಶಾಲೆಯ ಮಕ್ಕಳು ಕೆಸರಿನಲ್ಲಿ ನಡೆಯಬೇಕು. ಮೊಣಕಾಲು ನೋವಿನ ಮುದುಕಿಯು ಕರ್ಜತಿನ ವೈದ್ಯರ ಹತ್ತಿರ ಹೋಗಬೇಕಾದರೆ ಮೊದಲು ದಸ್ತುರಿಯನ್ನು ಮುಟ್ಟಬೇಕು. ಆಂಬ್ಯುಲೆನ್ಸಿಗೆ ಅಪ್ಪಣೆಯಿದ್ದರೂ ಕೆಸರಿನ ಇಳಿಜಾರಿನಲ್ಲಿ ಅದರ ಚಕ್ರವೂ ಜಾರುವುದೇ.

ಕೈರಿಕ್ಷಾದ ಮಾತಂತೂ ಹೇಳಲಿಕ್ಕೇ ನಾಚಿಕೆ. ಮುಂದೆ ಒಬ್ಬನು ಎತ್ತಿನ ಹಾಗೆ ಎಳೆಯುತ್ತಿದ್ದನು. ಏರು ಬಂದಾಗ ಹಿಂದಿನಿಂದ ಒಬ್ಬಿಬ್ಬರು ದೂಡುತ್ತಿದ್ದರು. ಒಳಗೆ ಕೂತವರು ಬಿಸ್ಕತ್ತು ತಿನ್ನುತ್ತಿದ್ದರು. ಲೈಸೆನ್ಸು ಪಡೆದ ಇಂಥ ರಿಕ್ಷಾಗಳು 94 ಇದ್ದವು. ಕುದುರೆಗಳು ನಾನೂರಕ್ಕೂ ಮೇಲೆ. ಊರು ಸಣ್ಣದು, ಮಾಥೇರಾನದ ಬಹುಪಾಲು ಮನೆಗಳ ಒಲೆ ಉರಿಯುವುದು ಹೇಗೋ ಒಂದು ಬಗೆಯಲ್ಲಿ ಈ ಮೂರು ಕಿಲೋಮೀಟರು ದಾರಿಯ ಮೇಲೆಯೇ.

ಇಂಥ ದಾರಿಗೆ ಕಾಂಕ್ರೀಟಿನ ಪೇವರ್ ಬ್ಲಾಕುಗಳನ್ನು ಹಾಸುವ ಕೆಲಸ ಶುರುವಾದಾಗ ಊರು ಎರಡಾಯಿತು. ಕೆಲವರು ಧೂಳು ಹೋಯಿತು, ಕೆಸರು ಹೋಯಿತು ಎಂದು ಸಂತೋಷಪಟ್ಟರು. ರಿಕ್ಷಾ ಎಳೆಯುವವರಿಗೂ ಗಾಲಿ ಹಗುರಾಗಿ ಉರುಳುವ ನೆಲ ಬೇಕಾಗಿತ್ತು. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಎದೆಯೊಡೆಯುವ ಕೆಲಸ ತಪ್ಪಿಸಿ ಬ್ಯಾಟರಿಯ ರಿಕ್ಷಾ ಕೊಡಿರೆಂದು ಕೇಳುತ್ತಿದ್ದರು. ಕುದುರೆಯವರು ಮಾತ್ರ ಒಪ್ಪಲಿಲ್ಲ. ಅವರದು ಎರಡು ತಕರಾರು. ಒಂದನೆಯದು, ಲಾಳ ಕಟ್ಟಿದ ಗೊರಸು ಈ ಬ್ಲಾಕುಗಳ ಮೇಲೆ ನಿಲ್ಲುವುದಿಲ್ಲ, ಕುದುರೆ ಜಾರುತ್ತದೆ. ಎರಡನೆಯದು, ಬಾಯಿಬಿಟ್ಟು ಹೇಳಿದ್ದಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿದ್ದದ್ದು: ಇಂದು ಹಾಸು ಬಂದರೆ ನಾಳೆ ಅದರ ಮೇಲೆ ಗಾಲಿ ಬರುತ್ತದೆ, ಗಾಲಿ ಬಂದ ಮೇಲೆ ಕುದುರೆಯನ್ನು ಕೇಳುವವರಾರು?

ಎರಡನೆಯ ತಕರಾರು ಹೊಟ್ಟೆಯದು. ಅದನ್ನು ಹಗುರಾಗಿ ಕಾಣುವ ಹಕ್ಕು ನಮಗಿಲ್ಲ. ಮೊದಲನೆಯದು ಕಲ್ಲಿನದು. ಅದನ್ನು ಸ್ವಲ್ಪ ಬಿಡಿಸಿ ನೋಡಬಹುದು. ಪುಣೆಯ ಬೀದಿಗಳಲ್ಲಿ ನಡೆಯುವ ನಮಗೆಲ್ಲ ಅದರಿಂದ ಪ್ರಯೋಜನವಿದೆ.

ಗೊರಸಿಗೂ ಹಾಸುಗಲ್ಲಿಗೂ ಹಳೆಯ ಸಂಬಂಧ. ಕುದುರೆಗಾಡಿಗಳ ಕಾಲದಲ್ಲಿ ಇಂಗ್ಲೆಂಡ್ ಸ್ಕಾಟ್ಲೆಂಡುಗಳ ಗುಡ್ಡದ ಊರುಗಳಲ್ಲಿ ಬೀದಿಗೆ ಗ್ರಾನೈಟ್ ಕಲ್ಲಿನ ತುಂಡುಗಳನ್ನು ಹಾಸುತ್ತಿದ್ದರು. ಆ ತುಂಡುಗಳು ಮೂರು ನಾಲ್ಕು ಇಂಚಿಗಿಂತ ಹೆಚ್ಚು ಅಗಲ ಇರುತ್ತಿರಲಿಲ್ಲ, ದಾರಿಗೆ ಅಡ್ಡವಾಗಿ ಕೂರಿಸುತ್ತಿದ್ದರು. ಕಾರಣ ಇಷ್ಟೆ: ಗೊರಸಿನ ಮೂತಿಯು ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಊರಿಕೊಂಡು ಹಿಡಿತ ಪಡೆಯಬೇಕು. ಕಲ್ಲು ಅಗಲವಾದಷ್ಟೂ ಹಿಡಿತ ಕಡಿಮೆ. ಈಗಿನ ಬ್ಲಾಕುಗಳ ನಡುವೆ ಬಿಡುವ ಸಂದಿ ಎರಡರಿಂದ ನಾಲ್ಕು ಮಿಲಿಮೀಟರು. ಅದರಲ್ಲಿ ಗೊರಸು ಎಲ್ಲಿ ಊರೀತು? ಅದಲ್ಲದೆ ನೆರಳು ದಟ್ಟವಾಗಿರುವ ಊರಿನಲ್ಲಿ ಮಳೆಗಾಲ ಬಂದರೆ ಬ್ಲಾಕಿನ ಮೇಲೆ ಪಾಚಿ ಕಟ್ಟುವುದು ಸಹಜ. ಮನುಷ್ಯನೇ ಜಾರುವಾಗ ಕಬ್ಬಿಣ ಮೆಟ್ಟಿದ ಪ್ರಾಣಿ ಜಾರಿದರೆ ಅದರ ತಪ್ಪಲ್ಲ. ಪೋರ್ತುಗಲ್ಲಿನ ಲಿಸ್ಬನ್ ನಗರವು ಏಳು ಗುಡ್ಡಗಳ ಊರೆಂದು ಹೆಸರಾದದ್ದು. ಅಲ್ಲಿಯ ಕಾಲುಹಾದಿಗಳ ಬಿಳಿಯ ಸುಣ್ಣಕಲ್ಲು ಲಕ್ಷಾಂತರ ಜನ ತುಳಿದು ನುಣುಪಾಗಿ, ಮಳೆ ಬಿದ್ದಾಗ ಗಾಜಿನಂತೆ ಜಾರುತ್ತದೆ. ನೋಡಲು ಬಂದವರು ಚಿತ್ರ ತೆಗೆದುಕೊಳ್ಳುತ್ತಾರೆ. ಊರಿನ ಮುದುಕರು ಗೋಡೆ ಹಿಡಿದು ನಡೆಯುತ್ತಾರೆ.

ನಮ್ಮ ಪರ್ವತಿಯನ್ನು ನೋಡಿರಿ. 1749ರಲ್ಲಿ ನಾನಾಸಾಹೇಬ ಪೇಶವೆಯವರು ಕಟ್ಟಿಸಿದ ಆ ದೇವಾಲಯಕ್ಕೆ ನೂರಕ್ಕೂ ಮಿಕ್ಕ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಅಗಲವಾಗಿ, ಎತ್ತರ ಕಡಿಮೆಯಾಗಿ ಇದೆ. ಅವಸರ ಮಾಡದೆ ಹತ್ತಿದರೆ ಎಪ್ಪತ್ತು ದಾಟಿದವರೂ ಏರಬಲ್ಲರು. ಇಳಿಜಾರನ್ನು ಹಾಗೆಯೇ ಬಿಡದೆ ಮೆಟ್ಟಿಲಾಗಿ ಒಡೆದರೆ ಕಾಲಿಗೆ ಸಮನೆಲ ಸಿಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಕಟ್ಟಿದವರಿಗೂ ಇದು ಗೊತ್ತಿತ್ತು. ಆದರೆ ಮೆಟ್ಟಿಲಿನ ಮೇಲೆ ಗಾಲಿ ಉರುಳದು. ಮಾಥೇರಾನದ ಒಂದೇ ದಾರಿಯಲ್ಲಿ ಕಾಲು, ಗೊರಸು, ಗಾಲಿ ಮೂರೂ ಹೋಗಬೇಕು. ಮೂರಕ್ಕೂ ಒಂದೇ ಸಲ ಹಿತವಾದ ನೆಲವೆಂಬುದು ಇಲ್ಲವೆಂದೇ ನಮ್ಮ ಅಭಿಪ್ರಾಯ. ಯಾರಿಗಾದರೂ ಸ್ವಲ್ಪ ಕಷ್ಟವಾಗಿಯೇ ತೀರುತ್ತದೆ.

ಪೇವರ್ ಬ್ಲಾಕಿನ ಗುಣದೋಷಗಳನ್ನೂ ನೋಡೋಣ. ಈ ಬ್ಲಾಕು ಹುಟ್ಟಿ ಬೆಳೆದದ್ದು ಹಾಲೆಂಡ್ ಜರ್ಮನಿಗಳಲ್ಲಿ. ಹಾಲೆಂಡಿನಲ್ಲಿ ಬೀದಿಗೆ ಸುಟ್ಟ ಇಟ್ಟಿಗೆ ಹಾಸುವುದು ಹಳೆಯ ವಾಡಿಕೆ. ಎರಡನೆಯ ಮಹಾಯುದ್ಧದ ಅನಂತರ ಇಟ್ಟಿಗೆ ಸಾಲದೆ ಅದೇ ಅಳತೆಯ ಕಾಂಕ್ರೀಟಿನ ತುಂಡುಗಳನ್ನು ಮಾಡತೊಡಗಿದರು. ಹಾಲೆಂಡು ಅಂಗೈಯಷ್ಟು ಸಪಾಟಾದ ದೇಶ. ಅಲ್ಲಿಯ ಸರಕನ್ನು ಗುಡ್ಡಕ್ಕೆ ತಂದಾಗ ಗುಡ್ಡದ ನ್ಯಾಯವನ್ನೂ ಕೇಳಬೇಕಾಗುತ್ತದೆ.

ಬ್ಲಾಕಿಗೆ ಕೆಳಗೆ ಗಾರೆಯಿಲ್ಲ. ಗಟ್ಟಿಯಾಗಿ ಕುಟ್ಟಿದ ಖಡಿಯ ಮೇಲೆ ಒಂದಿಂಚಿನಷ್ಟು ಉಸುಕು, ಅದರ ಮೇಲೆ ಬ್ಲಾಕು, ಬ್ಲಾಕುಗಳ ಸಂದಿಗೆ ನುಣುಪು ಉಸುಕು. ಎರಡೂ ಬದಿಗೆ ಅಂಚುಗಲ್ಲು ಬಿಗಿಯಾಗಿ ನಿಂತರೆ ಇಡೀ ಹಾಸು ಒಂದಕ್ಕೊಂದು ಒರಗಿಕೊಂಡು ಕಮಾನಿನಂತೆ ಭಾರ ಹೊರುತ್ತದೆ. ಇದರ ಜೀವವೆಲ್ಲ ಆ ಸಂದಿಯ ಉಸುಕಿನಲ್ಲಿದೆ. ಇಳಿಜಾರಿನಲ್ಲಿ ಮಳೆನೀರು ಮೊದಲು ಕದ್ದೊಯ್ಯುವುದು ಅದನ್ನೇ. ಉಸುಕು ಹೋದಮೇಲೆ ಬ್ಲಾಕು ಅಲುಗುತ್ತದೆ. ಅಲುಗಿದ ಬ್ಲಾಕಿನ ಕೆಳಗಿನ ಉಸುಕೂ ಕರಗುತ್ತದೆ. ಆಮೇಲೆ ಸಾಲಿಗೆ ಸಾಲೇ ಇಳಿಮುಖವಾಗಿ ತೆವಳತೊಡಗುತ್ತದೆ. ಇದಕ್ಕೆ ಉಪಾಯಗಳಿಲ್ಲದಿಲ್ಲ. ಹಾಸುವುದನ್ನು ಇಳಿಜಾರಿನ ಬುಡದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಅಲ್ಲಲ್ಲಿ ದಾರಿಗೆ ಅಡ್ಡವಾಗಿ ನೆಲದೊಳಗೆ ಕಾಂಕ್ರೀಟಿನ ತೊಲೆ ಹಾಕಿ ಹಾಸಿಗೆ ಒದೆ ಕೊಡಬೇಕು. ಬ್ಲಾಕುಗಳನ್ನು ನೇರ ಸಾಲಾಗಿ ಇಡದೆ ಓರೆಯಾಗಿ, ಚಾಪೆಯ ಹೆಣಿಗೆಯಂತೆ ಇಡಬೇಕು. ಆಗ ಒಂದು ತೆವಳಬೇಕಾದರೆ ನಾಲ್ಕು ತಡೆಯುತ್ತವೆ. ಎಲ್ಲಕ್ಕಿಂತ ಮೊದಲು ನೀರಿಗೆ ಬೇರೆ ದಾರಿ ಮಾಡಿಕೊಡಬೇಕು: ಬದಿಗೆ ಗಟಾರು, ಅಲ್ಲಲ್ಲಿ ಮೋರಿ. ನೀರು ತನಗೆ ದಾರಿ ಕೊಡದವರ ದಾರಿಯನ್ನೇ ಹಿಡಿಯುತ್ತದೆ.

ಇವೆಲ್ಲ ಗುಟ್ಟಿನ ವಿದ್ಯೆಯಲ್ಲ. ಬ್ಲಾಕು ಎಷ್ಟು ಗಟ್ಟಿಯಿರಬೇಕೆಂದು ಭಾರತೀಯ ಮಾನಕ ಸಂಸ್ಥೆಯು 2006ರಲ್ಲಿಯೇ ಬರೆದಿಟ್ಟಿದೆ; ಹೇಗೆ ಹಾಸಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಯಿದೆ. ಆದರೂ ನಮ್ಮ ಪೇಠೆಗಳ ಕಾಲುಹಾದಿಯಲ್ಲಿ ಆಗುವುದೇನು? ಹಾಸಿದ ಆರು ತಿಂಗಳಿಗೆ ಕೇಬಲ್ಲಿನವರು ಅಗೆಯುತ್ತಾರೆ, ಆಮೇಲೆ ನಳದವರು. ಮುಚ್ಚುವಾಗ ಖಡಿಯನ್ನು ಕುಟ್ಟುವುದಿಲ್ಲ, ಉಸುಕಿನ ಬದಲು ಅದೇ ಅಗೆದ ಮಣ್ಣು. ಮೊದಲ ಮಳೆಗೆ ಬ್ಲಾಕು ತೊಟ್ಟಿಲಾಗುತ್ತದೆ. ಒಂದು ತುದಿ ಮೆಟ್ಟಿದರೆ ಇನ್ನೊಂದು ತುದಿಯಿಂದ ಕೆಸರು ಚಿಮ್ಮಿ, ಮದುವೆಗೆಂದು ಉಟ್ಟ ಇಳಕಲ್ ಸೀರೆಯ ಅಂಚಿಗೆ ಬೇರೊಂದು ಅಂಚು ಹಚ್ಚುತ್ತದೆ. ಹಿಂದೆ ವಾಡೆಗಳ ಅಂಗಳಕ್ಕೆ ಹಾಸುತ್ತಿದ್ದ ಶಹಾಬಾದಿನ ಫರಸಿಯನ್ನು ನೆನೆಸಿಕೊಂಡು ನಿಟ್ಟುಸಿರಿಡುವವರು ನಮ್ಮಲ್ಲಿದ್ದಾರೆ. ನಮ್ಮ ಕಲಬುರ್ಗಿ ಜಿಲ್ಲೆಯ ಕಲ್ಲೆಂಬ ಅಭಿಮಾನವೂ ಅದರಲ್ಲಿ ಸೇರಿದೆಯೆನ್ನಿ. ಆದರೆ ಒದ್ದೆಯಾದ ಶಹಾಬಾದ ಫರಸಿಯೂ ಜಾರುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಬಚ್ಚಲಲ್ಲಿ ಬಿದ್ದವರನ್ನು ಕೇಳಿರಿ. ಇತ್ತ ಬೆಂಗಳೂರಿನಲ್ಲಿ ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಚೆಂದವಾಗಿ ಕಲ್ಲು ಹಾಸಿದರು. ಮೋಟಾರುಗಳ ಭಾರಕ್ಕೆ ಅಲ್ಲಿಯೂ ಕಲ್ಲುಗಳು ಸಡಿಲವಾಗಿ ದುರಸ್ತಿಗೆ ಬಂದವು. ಕಲ್ಲು ಹಾಸುವುದು ಒಮ್ಮೆಯ ಕೆಲಸ. ಕಾಯುವುದು ದಿನದಿನದ ಕೆಲಸ. ಒಮ್ಮೆಯ ಕೆಲಸಕ್ಕೆ ಉದ್ಘಾಟನೆಯಿದೆ, ದಿನದ ಕೆಲಸಕ್ಕೆ ಹಾರವಿಲ್ಲ.

ಮಾಥೇರಾನಕ್ಕೆ ಮರಳೋಣ. ಕುದುರೆಯವರ ಸಂಘಗಳು ಸುಪ್ರೀಂ ಕೋರ್ಟಿಗೆ ಹೋದವು. 2022ರಲ್ಲಿ ಕೋರ್ಟು ಬ್ಯಾಟರಿಯ ರಿಕ್ಷಾಗಳನ್ನು ಪ್ರಯೋಗಕ್ಕಾಗಿ ಓಡಿಸಲು ಅಪ್ಪಣೆ ಕೊಟ್ಟಿತು. ಶಾಲೆಯ ಮಕ್ಕಳಿಗೂ ವೃದ್ಧರಿಗೂ ಅದರಿಂದ ಬಹಳ ಅನುಕೂಲವಾಯಿತು. 2023ರಲ್ಲಿ ಬ್ಲಾಕು ಹಾಸುವುದಕ್ಕೆ ತಡೆ ಬಂತು. ಕಾಂಕ್ರೀಟಿನ ಬದಲು ಜೇಡಿಮಣ್ಣಿನ ಸುಟ್ಟ ಬ್ಲಾಕು ಬೇಕೆಂಬ ಮಾತು ಬಂತು, ತಜ್ಞರ ತಪಾಸಣೆಯೂ ನಡೆಯಿತು. ಸುಟ್ಟ ಮಣ್ಣಿನ ಬಣ್ಣ ಆ ಬೆಟ್ಟದ ಬಣ್ಣಕ್ಕೆ ಹೊಂದುತ್ತದೆಂಬುದು ನಿಜ. ಆದರೆ ಮಣ್ಣಿನ ಬ್ಲಾಕೆಂದ ಮಾತ್ರಕ್ಕೆ ಅದು ನೀರು ಕುಡಿಯುತ್ತದೆಂದು ತಿಳಿಯಬಾರದು. ಸಾವಿರ ಡಿಗ್ರಿಯ ಹತ್ತಿರ ಸುಟ್ಟ ಇಟ್ಟಿಗೆಯ ಮೈ ಬಹುಪಾಲು ಮುಚ್ಚಿರುತ್ತದೆ. ನೀರು ಇಂಗುವುದು ಸಂದಿಯಿಂದ. ಕೆಳಗೆ ಕಾಂಕ್ರೀಟಿನ ಹಾಸಿಗೆ ಮಾಡಿ ಮೇಲೆ ಮಣ್ಣಿನ ಬ್ಲಾಕು ಇಟ್ಟರೆ ಅದು ಕಾಂಕ್ರೀಟಿನ ದಾರಿಗೆ ಮಣ್ಣಿನ ಮುಸುಕು ಹೊದಿಸಿದಂತೆ.

2025ರ ಆಗಸ್ಟ್ 6ರಂದು ಮುಖ್ಯ ನ್ಯಾಯಮೂರ್ತಿ ಗವಾಯಿಯವರ ನೇತೃತ್ವದ ಪೀಠವು ತನ್ನ ಆದೇಶ ಹೇಳಿತು. ಮನುಷ್ಯನು ಮನುಷ್ಯನನ್ನು ಎಳೆಯುವ ರಿಕ್ಷಾ ಆರು ತಿಂಗಳೊಳಗೆ ನಿಲ್ಲಬೇಕು. ಎಳೆಯುತ್ತಿದ್ದವರಿಗೆ ಬ್ಯಾಟರಿ ರಿಕ್ಷಾಗಳ ಮೂಲಕ ಬದುಕು ಒದಗಿಸಬೇಕು. ಹಣವಿಲ್ಲವೆಂಬ ನೆಪ ಹೇಳಕೂಡದು. ಪಂಜಾಬಿನ ಸೈಕಲ್ ರಿಕ್ಷಾದವರ ವಿಷಯದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1980ರಲ್ಲಿ ಆಡಿದ ತೀರ್ಪನ್ನು ನೆನೆದು, ನಲವತ್ತೈದು ವರ್ಷಗಳ ಮೇಲೂ ಇಂಥ ಪದ್ಧತಿ ಉಳಿದದ್ದಕ್ಕೆ ಪೀಠವು ಖೇದಪಟ್ಟಿತು. ಹಾಸಿನ ವಿಷಯದಲ್ಲಿ, ದಸ್ತುರಿ ನಾಕಾದಿಂದ ಶಿವಾಜಿ ಮಹಾರಾಜರ ಪ್ರತಿಮೆಯವರೆಗೆ ಮುಖ್ಯ ದಾರಿಗೆ ಬ್ಲಾಕು ಹಾಸಬಹುದು. ಒಳದಾರಿಗಳಿಗೂ ಕಾಡಿನ ಕಾಲುದಾರಿಗಳಿಗೂ ಹಾಸಕೂಡದು ಎಂದಿತು.

ನಮಗೆ ಈ ಗೆರೆ ಎಳೆದದ್ದು ಸರಿಯೆಂದು ತೋರುತ್ತದೆ. ಊರಿನವರು ಬದುಕುವ ದಾರಿಗೆ ಹಾಸು, ನೋಡಲು ಬಂದವರು ಅಡ್ಡಾಡುವ ದಾರಿಗೆ ಮಣ್ಣು. ಪ್ರವಾಸಿಗಳಾದ ನಾವು ಎರಡು ದಿನದ ಸೊಗಸಿಗಾಗಿ ಊರಿನ ಜನ ವರ್ಷವಿಡೀ ಕೆಸರು ತುಳಿಯಲೆಂದು ಬಯಸುವುದು ನ್ಯಾಯವಲ್ಲ. ಆದರೆ ಕುದುರೆಯವರ ಪಾಲಿಗೆ ಆ ಆದೇಶದಲ್ಲಿ ಸಿಕ್ಕಿದ್ದು ಕಡಿಮೆ. ಹಾಸಿನ ದಾರಿಯ ಒಂದು ಬದಿಗೆ ನಾಲ್ಕಡಿ ಅಗಲದಷ್ಟಾದರೂ ಗಟ್ಟಿಯಾಗಿ ಕುಟ್ಟಿದ ಮುರುಮಿನ ಪಟ್ಟಿಯನ್ನು ಗೊರಸಿಗಾಗಿ ಬಿಟ್ಟರೆ ಜಗಳದ ಅರ್ಧ ಮುಗಿಯುತ್ತದೆಂದು ನಮ್ಮ ಎಣಿಕೆ. ದಾರಿ ಇಕ್ಕಟ್ಟಾದ ಕಡೆ ಕಷ್ಟವಾದೀತು, ಅಗಲವಿದ್ದ ಕಡೆ ಏಕೆ ಆಗಬಾರದು? ಬೆನ್ನಿನ ಮೇಲೆ ಸಿಲಿಂಡರು ಹೊತ್ತ ಪ್ರಾಣಿಗೆ ಮತ ಹಾಕುವ ಹಕ್ಕಿಲ್ಲ. ಅದರ ಪರವಾಗಿ ಯಾರಾದರೂ ಮಾತಾಡಬೇಕಾಗುತ್ತದೆ.

ಈ ಸಲ ರಜೆಗೆ ಹೋಗತಕ್ಕವರಿಗೆ ಕೆಲವು ಮಾತು. ಪುಣೆಯಿಂದ ಕರ್ಜತಿಗೆ ರೈಲು, ಅಲ್ಲಿಂದ ಲೋಕಲ್ ಹಿಡಿದರೆ ಭಿವಪುರಿ ಆದಮೇಲೆ ನೇರಳ. ನೇರಳದಿಂದ ದಸ್ತುರಿಗೆ ಟ್ಯಾಕ್ಸಿ. ಮಳೆಗಾಲದಲ್ಲಿ ನೇರಳದಿಂದ ಬರುವ ಪುಟ್ಟ ರೈಲು ನಿಲ್ಲುವುದುಂಟು, ಅಮನ್ ಲಾಜಿನಿಂದ ಮೇಲಕ್ಕೆ ಹೋಗುವುದನ್ನೇ ನೆಚ್ಚಬೇಕು. ಮನೆಯ ಹಿರಿಯರಿಗೆ ಚರ್ಮದ ನುಣುಪು ಅಟ್ಟೆಯ ಚಪ್ಪಲಿ ಬೇಡ, ರಬ್ಬರಿನ ಹಲ್ಲುಳ್ಳ ಬೂಟೇ ಇರಲಿ. ಕೈಯಲ್ಲಿ ಒಂದು ಕೋಲು. ಏರುವಾಗ ಯಾರೂ ಬೀಳುವುದಿಲ್ಲ, ಬೀಳುವುದು ಇಳಿಯುವಾಗ; ಆದುದರಿಂದ ಮರಳುವ ದಿನ ರೈಲಿನ ಹೊತ್ತಿಗಿಂತ ಒಂದು ತಾಸು ಮೊದಲೇ ಹೊರಡುವುದು ಲೇಸು. ಮಕ್ಕಳು ಕುದುರೆಗೆ ಹಟ ಮಾಡಿದರೆ ಹಾಸಿನ ಇಳಿಜಾರಿನಲ್ಲಿ ಕೂರಿಸದೆ, ಪೇಟೆ ದಾಟಿ ಮಣ್ಣಿನ ದಾರಿ ಸಿಕ್ಕಿದ ಮೇಲೆ ಕೂರಿಸಿರಿ. ಕುದುರೆಯವನಿಗೂ ಅದೇ ಇಷ್ಟ. ಶಾರ್ಲೆಟ್ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಮರಗಳ ನೆರಳಿದೆ, ಕಾಲಡಿಗೆ ಮಣ್ಣಿದೆ. ಬಿಳಿಯ ಧೋತರ ಮಾತ್ರ ಮನೆಯಲ್ಲಿಯೇ ಇರಲಿ.